ತೊಂಬತ್ತೇಳನೇ ಪುಟ

1964ರಲ್ಲಿ ನಾನು ಶಂಕರಪುರದ ಒಂದು ಮನೆಯಲ್ಲಿ ಕಿರಿಯ ಸೊಸೆಯಾಗಿದ್ದೆ. ನೌಕರಿಯಲ್ಲಿದ್ದವರು ತಮ್ಮ ಅನುಭವ ಬರೆಯುವಾಗ ಇಂಥ ವರ್ಷ ಇಂಥ ಹುದ್ದೆಯಲ್ಲಿದ್ದೆ ಎಂದು ಶುರುಮಾಡುತ್ತಾರೆ. ನನಗಿದ್ದ ಹುದ್ದೆ ಇದೊಂದೇ. ಇದಕ್ಕೆ ರಜೆ ಇಲ್ಲ, ವರ್ಗಾವಣೆ ಇಲ್ಲ, ಪೆನ್ಶನ್ ಅಂತೂ ಕೇಳುವುದೇ ಬೇಡ. ಆದರೂ ಕೆಲಸ ಕೆಲಸವೇ. ಬೆಳಕು ಹರಿಯುವ ಮೊದಲು ಮಲ್ಲಿಗೆ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಉಡುಪಿಯ ಬಸ್ಸಿಗೆ ಹೂ ಹೋದ ಮೇಲೆ ಗಂಜಿ, ಗಂಜಿಯ ಮೇಲೆ ಉಳಿದದ್ದೆಲ್ಲ.

ಇವೆಲ್ಲ ನನಗೆ ಭಾರವಾಗಿರಲಿಲ್ಲ. ಭಾರವಾಗಿದ್ದದ್ದು ಇನ್ನೊಂದು ಕೆಲಸ. ನನ್ನ ಗಂಡ ಲಾಜರ್ ಮತ್ತು ಅವರ ಅಣ್ಣ, ಅಂದರೆ ನನ್ನ ಭಾವ ಮಾರ್ಸೆಲ್, ಒಂದೇ ಸೂರಿನಡಿ ಇದ್ದು ಮೂರು ವರ್ಷಗಳಿಂದ ಪರಸ್ಪರ ಮಾತು ಬಿಟ್ಟಿದ್ದರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವುದು ನನ್ನ ಕೆಲಸವಾಗಿತ್ತು.

"ಬಾವಿಯ ಹಗ್ಗ ಸವೆದಿದೆ ಅಂತ ಅವನಿಗೆ ಹೇಳು" ಎಂದು ಭಾವ ಹೇಳುವಾಗ ನಮ್ಮವರು ಹತ್ತು ಅಡಿ ಆಚೆ ಹಲ್ಲುಜ್ಜುತ್ತಾ ನಿಂತಿರುತ್ತಿದ್ದರು. ನಾನು ತಿರುಗಿ, "ಹಗ್ಗ ಸವೆದಿದೆಯಂತೆ" ಎನ್ನಬೇಕು. "ಗೊತ್ತುಂಟು ಅಂತ ಹೇಳು" ಎಂದು ಅವರು ಉಗುಳಿ ಹೇಳಬೇಕು. ನಾನು ಮತ್ತೆ ಈಚೆ ತಿರುಗಬೇಕು. ದಿನಕ್ಕೆ ಇಂಥವು ಎಷ್ಟಾಗುತ್ತಿದ್ದವೋ, ಲೆಕ್ಕ ಇಡಲಿಲ್ಲ.

ಜಗಳದ ಕಾರಣ ಹೇಳಿದರೆ ನೀವು ನಗುತ್ತೀರಿ. ಮಾವ ತೀರಿಕೊಂಡ ವರ್ಷ ಅವರ ಸಮಾಧಿಗೆ ಹಾಸುಗಲ್ಲು ಮಾಡಿಸಬೇಕೆಂದು ಭಾವ ಕಾರ್ಕಳಕ್ಕೆ ಹೋಗಿ ಕಲ್ಲುಕೆಲಸದವರಿಗೆ ಹೇಳಿ ಬಂದರು. ತಮ್ಮನಿಗೆ ಆಶ್ಚರ್ಯವಾಗಲಿ ಎಂದು ತಿಳಿಸಲಿಲ್ಲ. ನಮ್ಮವರೂ ಕಾರ್ಕಳಕ್ಕೆ ಹೋಗಿ, ಬೇರೊಬ್ಬರ ಹತ್ತಿರ, ಅಣ್ಣನಿಗೆ ಆಶ್ಚರ್ಯವಾಗಲಿ ಎಂದು ಇನ್ನೊಂದು ಕಲ್ಲಿಗೆ ಹೇಳಿ ಬಂದರು. ಒಂದೇ ವಾರದಲ್ಲಿ ಎರಡು ಕಲ್ಲು ಅಂಗಳಕ್ಕೆ ಬಂದವು. ಒಬ್ಬ ತಂದೆ, ಎರಡು ಕಲ್ಲು. ಹಿರಿಯನದು ಸಮಾಧಿಗೆ ಹೋಯಿತು. ಕಿರಿಯನದು ಅಕ್ಷರದ ಮುಖ ನೆಲಕ್ಕೆ ಮಾಡಿ ಬಾವಿಕಟ್ಟೆಯ ಪಕ್ಕದಲ್ಲಿ ಮಲಗಿತು. ಅದನ್ನು ಎತ್ತಬಾರದು, ಅದರ ಮೇಲೆ ಕೊಡ ಇಡಬಾರದು, ಅದರ ಸುದ್ದಿ ಎತ್ತಬಾರದು. ಅಂದಿನಿಂದ ಮನೆಯಲ್ಲಿ ಎರಡು ಅಡುಗೆಕೋಣೆ. ಹಲಸಿನಹಣ್ಣು ಬಂದರೆ ಎರಡು ಭಾಗ, ಪೇಪರ್ ಬಂದರೆ ಹಾಳೆ ಬಿಡಿಸಿ ಎರಡು ಭಾಗ. ಭಾವನ ಹೆಂಡತಿ ಸಿಸಿಲಿಯಕ್ಕನೂ ನಾನೂ ಮಾತ್ರ ಒಂದೇ ಚಾಪೆಯಲ್ಲಿ ಕುಳಿತು ಹೂ ಕಟ್ಟುತ್ತಿದ್ದೆವು. ಅಷ್ಟಾದರೂ ಉಳಿದದ್ದು ದೇವರ ದಯೆ.

ಇನ್ನೊಂದು ದಯೆಯೂ ಇತ್ತು. ಚಾವಡಿಯ ಅಲ್ತಾರನ್ನು, ಅಂದರೆ ದೇವರ ಪೀಠವನ್ನು, ಯಾರೂ ಭಾಗ ಮಾಡಲಿಲ್ಲ. ಸಂಜೆ ಎಲ್ಲರೂ ಅಲ್ಲಿಯೇ ಮೊಣಕಾಲೂರಿ ಜಪಸರ ಮಾಡುತ್ತಿದ್ದೆವು. ಜಪಸರದಲ್ಲಿ ಪ್ರಾರ್ಥನೆಯ ಮೊದಲರ್ಧವನ್ನು ಒಬ್ಬರು ಹೇಳಬೇಕು, ಉಳಿದರ್ಧವನ್ನು ಬೇರೆಯವರು ಹೇಳಿ ಮುಗಿಸಬೇಕು. ಭಾವ ಮೊದಲರ್ಧ ಹೇಳುತ್ತಿದ್ದರು, ನಮ್ಮವರು ಗಟ್ಟಿಯಾಗಿ ಉಳಿದರ್ಧ ಹೇಳುತ್ತಿದ್ದರು. ಐವತ್ತಮೂರು ಸಲ. ಕೊನೆಯ ಶಿಲುಬೆ ಗುರುತು ಹಾಕಿದ ಕೂಡಲೇ ಇಬ್ಬರೂ ಮೂಗರು. "ಇದು ಮಾತಲ್ಲವಾ?" ಎಂದು ಒಮ್ಮೆ ಕೇಳಿದೆ. "ಅದು ದೇವರ ಹತ್ತಿರ ಆಡಿದ್ದು, ಅವನ ಹತ್ತಿರ ಅಲ್ಲ" ಎಂದರು ನಮ್ಮವರು. ಇಂಥವರಿಗೆ ಎಂತ ಹೇಳುವುದು.

ಅತ್ತೆಯನ್ನು ನಾವೆಲ್ಲ ಮಾಂಯ್ ಎನ್ನುತ್ತಿದ್ದೆವು. ಒಂದು ವಾರ ಆ ಅಡುಗೆಕೋಣೆಯಲ್ಲಿ, ಒಂದು ವಾರ ಈ ಅಡುಗೆಕೋಣೆಯಲ್ಲಿ ಉಣ್ಣುತ್ತಿದ್ದರು. ಅವರಿಗೆ ಮೂರು ಚಟ: ಜಪಸರ, ನಶ್ಯ ಮತ್ತು ಪತ್ತೇದಾರಿ ಕಾದಂಬರಿ. ಎರಡೂ ಕಣ್ಣಿಗೆ ಪೊರೆ ಬಂದು ಓದಲಾಗದ ಮೇಲೆ ನಾನು ಓದಿ ಹೇಳುತ್ತಿದ್ದೆ. ಕನ್ನಡದಲ್ಲಿ ಓದುವುದು, ಅಲ್ಲಲ್ಲಿ ನಿಲ್ಲಿಸಿ ಕೊಂಕಣಿಯಲ್ಲಿ ಅರ್ಥ ಹೇಳುವುದು. ಕೊಲೆಗಾರ ಯಾರೆಂದು ಮೂರನೇ ಅಧ್ಯಾಯದಲ್ಲಿಯೇ ಹೇಳಿ, ಕೊನೆಗೆ ಅದು ತಪ್ಪಾದರೆ ಓದಿದವಳನ್ನು ಬೈಯುವುದು ಅವರ ಕ್ರಮ.

ಆ ವರ್ಷ ಮಳೆ ಮುಗಿದ ಮೇಲೆ ಮಣಿಪಾಲದ ಆಸ್ಪತ್ರೆಯಲ್ಲಿ ಬಲಗಣ್ಣಿನ ಆಪರೇಶನ್ ಎಂದು ನಿಶ್ಚಯವಾಯಿತು. ಈಗಿನ ಹಾಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವ ಆಪರೇಶನ್ ಅಲ್ಲ ಆಗಿನದು. ಪೊರೆ ತೆಗೆದು ಹೊಲಿಗೆ ಹಾಕಿ ಎರಡೂ ಕಣ್ಣಿಗೆ ಬ್ಯಾಂಡೇಜ್ ಕಟ್ಟುತ್ತಿದ್ದರು. ತಲೆಯ ಎರಡು ಬದಿಗೆ ಮರಳಿನ ಚೀಲ ಇಟ್ಟು ವಾರಕ್ಕೂ ಮೇಲೆ ಅಂಗಾತ ಮಲಗಿಸುತ್ತಿದ್ದರು. ತಲೆ ಅಲ್ಲಾಡಿಸಬಾರದು, ಕೆಮ್ಮಬಾರದು, ಅಳಬಾರದು. ಜೋರಾಗಿ ಒಂದು ಸೀನು ಬಂದರೆ ಹೊಲಿಗೆ ಬಿಟ್ಟು ಕಣ್ಣು ಹೋದ ಹಾಗೆಯೇ.

"ಅಷ್ಟು ದಿನ ಕತ್ತಲೆಯಲ್ಲಿ ಬಿದ್ದುಕೊಳ್ಳಬೇಕಾದರೆ ಆ ಹೊಸ ಪುಸ್ತಕ ಬೇಕು" ಎಂದರು ಮಾಂಯ್. ಅವರು ಮೆಚ್ಚುತ್ತಿದ್ದ ಒಬ್ಬ ಪತ್ತೇದಾರನ ಕಥೆಗಳು ಆ ಹೊತ್ತಿಗೆ ಹತ್ತು ಹನ್ನೆರಡು ಬಂದಿದ್ದವು. ಹೊಸದು ಅದೇ ಸಾಲಿನದು, ಆದರೆ ಇದರಲ್ಲಿ ಪತ್ತೇದಾರ ಇಲ್ಲ. ಮೊದಲಿನ ಪುಸ್ತಕಗಳಲ್ಲಿ ಅವನಿಗೆ ಬಾಗಿಲು ತೆಗೆದು ಕಾಫಿ ತಂದುಕೊಡುತ್ತಿದ್ದ ಅಣ್ಣತಮ್ಮ ಇಬ್ಬರು ಇದ್ದರಲ್ಲ, ಈಗ ಅವರೇ ನಾಯಕರು. ಅವರ ಅಜ್ಜ ಸಾಯುವ ಮೊದಲು ಮನೆಯೊಳಗೆ ಎಲ್ಲೋ ಒಂದು ಪೆಟ್ಟಿಗೆ ಅಡಗಿಸಿ, ಅದನ್ನು ಹುಡುಕುವುದಕ್ಕೆ ಒಂಬತ್ತು ಒಗಟು ಬರೆದಿಟ್ಟಿದ್ದಾನೆ. ಅಣ್ಣನಿಗೆ ಲೆಕ್ಕ ಬರುತ್ತದೆ, ತಮ್ಮನಿಗೆ ಹಾಡು ಬರುತ್ತದೆ, ಎರಡೂ ಸೇರದೆ ಯಾವ ಒಗಟೂ ಬಿಡುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪಾಯಿತು. ಮೂರು ವರ್ಷದ ಅಭ್ಯಾಸ ನೋಡಿ, ಮಾಂಯ್ ಹೇಳಿದ್ದನ್ನು ಎರಡೂ ಕಡೆಗೆ ಮುಟ್ಟಿಸಿಬಿಟ್ಟೆ. ಒಂದೇ ದಿನ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಉಡುಪಿಗೆ ಹೋಗಿ, ಬಾಡಿಗೆಗೆ ಪುಸ್ತಕ ಕೊಡುವ ಒಂದೇ ಅಂಗಡಿಯಲ್ಲಿ ನಿಂತರು. ಪುಸ್ತಕ ಇದ್ದದ್ದು ಒಂದು. ಅದೂ ಎಷ್ಟೋ ಕೈ ತಿರುಗಿ ಬೆನ್ನು ಮುರಿದದ್ದು. ಇವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಇಬ್ಬರೂ ಬಿಡುವುದಿಲ್ಲ. ಅಂಗಡಿಯವರಿಗೆ ಸಾಕಾಗಿ ಮುರಿದ ಕಡೆಯೇ ಹರಿದು ಎರಡು ಮಾಡಿದರಂತೆ. "ಮುಂದಿನದು ನಿಮಗೆ, ಹಿಂದಿನದು ನಿಮಗೆ. ಮನೆಯಲ್ಲಿ ಮಾತು ಬಂದ ಮೇಲೆ ಹೊಲಿದು ತಂದುಕೊಡಿ ಮಾರಾಯ್ರೆ."

ಮನೆಗೆ ಬಂದ ಎರಡು ತುಂಡನ್ನು ನೋಡಿ ನನಗೆ ಆ ಎರಡು ಕಲ್ಲು ನೆನಪಾದವು. ಭಾವನ ತುಂಡು ತೊಂಬತ್ತೆಂಟನೇ ಪುಟದವರೆಗೆ, ಕೊನೆಯ ಹಾಳೆ ಸಡಿಲ. ನಮ್ಮವರದು ತೊಂಬತ್ತೊಂಬತ್ತರಿಂದ ಮುಂದೆ. ಭಾವ ತಮ್ಮದನ್ನು ಆಸ್ಪತ್ರೆಗೆ ಒಯ್ಯುವ ನನ್ನ ಚೀಲದಲ್ಲಿಟ್ಟರು. ನಮ್ಮವರು ತಮ್ಮದನ್ನು ಕಂಕುಳಲ್ಲಿಯೇ ಇಟ್ಟುಕೊಂಡರು.

ಆಸ್ಪತ್ರೆಗೆ ಸೇರಿಸಿದ ದಿನ ವಾರ್ಡಿನ ನರ್ಸ್, ಸುಮಿತ್ರಾ ಸಿಸ್ಟರ್ ಎಂದು ಹೆಸರು, ಮಾಂಯ್‌ಯ ಕೈಯಲ್ಲಿ ನಶ್ಯದ ಡಬ್ಬಿ ಕಂಡರು.

"ಎಂತ ಅಜ್ಜಿ ಇದು? ಇದನ್ನು ಇಲ್ಲಿ ಕೊಡಿ."

"ಕೊಡ್ತೇನೆ ಮಗಾ. ಒಂದು ಪ್ರಾರ್ಥನೆ ಮುಗಿಸಿ ಕೊಡ್ತೇನೆ."

ನಾನು ನೀರು ತರಲು ಹೋಗಿ ಬಂದಾಗ ಮಾಂಯ್ ಡಬ್ಬಿಯನ್ನು ಒಪ್ಪಿಸಿ, ಜಪಸರದ ಬಟ್ಟೆಚೀಲವನ್ನು ತಲೆದಿಂಬಿನ ಅಡಿಗೆ ಸೇರಿಸಿ, ಸಂತರ ಹಾಗೆ ಮಲಗಿದ್ದರು. ಇಷ್ಟು ಸುಲಭವಾಗಿ ಚಟ ಬಿಟ್ಟದ್ದಕ್ಕೆ ನಾನು ಸಾಯ್ಬಿಣಿಗೆ, ಅಂದರೆ ಮರಿಯಮ್ಮನವರಿಗೆ, ಒಂದು ಮೇಣದ ಬತ್ತಿ ಹರಕೆ ಹೇಳಿದೆ.

ಮಂಗಳವಾರ ಆಪರೇಶನ್ ಚೆನ್ನಾಗಿ ಆಯಿತು. ರೋಗಿಯನ್ನು ನೋಡುವ ಸಮಯ ಸಂಜೆ ನಾಲ್ಕರಿಂದ ಆರು. ಅಣ್ಣತಮ್ಮ ಅದನ್ನೂ ಭಾಗ ಮಾಡಿಕೊಂಡರು. ನಾಲ್ಕರಿಂದ ಐದು ಭಾವ, ಐದರಿಂದ ಆರು ನಮ್ಮವರು. ಮೆಟ್ಟಿಲಲ್ಲಿ ಎದುರಾಗಬಾರದೆಂದು ಭಾವ ಐದು ನಿಮಿಷ ಮೊದಲೇ ಏಳುತ್ತಿದ್ದರು.

ಗುರುವಾರದಿಂದ ಓದು ಶುರುವಾಯಿತು. ಭಾವ ಮೊದಲಿನಿಂದ ಓದಿದರು. ಅವರು ಹೋದ ಮೇಲೆ ನಮ್ಮವರು ಬಂದು ಸ್ಟೂಲಿನ ಮೇಲೆ ಕುಳಿತು, ತೊಂಬತ್ತೊಂಬತ್ತನೇ ಪುಟದಿಂದ ಓದಿದರು.

"ಮೊದಲಿನದು ಮುಗಿಯಲಿ, ಆಮೇಲೆ ಓದಬಹುದಲ್ಲ" ಎಂದೆ.

"ನನ್ನ ಹತ್ತಿರ ಇರುವುದನ್ನು ನಾನು ಓದ್ತೇನೆ. ಅವನದು ಮುಗಿಯುವವರೆಗೆ ಕಾಯಲಿಕ್ಕೆ ನಾನೆಂತ ಅವನ ಜವಾನನಾ?"

ಹೀಗೆ ಮಾಂಯ್‌ಗೆ ನಾಲ್ಕು ಗಂಟೆಗೆ ಎರಡನೇ ಒಗಟು, ಐದು ಗಂಟೆಗೆ ಏಳನೇ ಒಗಟು. ನಾಲ್ಕು ಗಂಟೆಗೆ ಬದುಕಿದ್ದ ಅಡುಗೆಯವ ಐದು ಗಂಟೆಗೆ ಸತ್ತಿರುತ್ತಿದ್ದ, ಮರುದಿನ ನಾಲ್ಕಕ್ಕೆ ಮತ್ತೆ ದೋಸೆ ಹೊಯ್ಯುತ್ತಿದ್ದ. ಶನಿವಾರದ ಹೊತ್ತಿಗೆ ಪೆಟ್ಟಿಗೆ ಕದಿಯಲು ಬಂದವನು ಯಾರೆಂದು ಅವರಿಗೆ ಗೊತ್ತಾಗಿತ್ತು, ಅವನು ಆ ಮನೆಗೆ ಯಾಕೆ ಬಂದ ಎಂದು ಗೊತ್ತಿರಲಿಲ್ಲ. ತಲೆ ಕೆಟ್ಟು, "ನಿಲ್ಲಿಸು ಲಾಜರ್, ಇವ ಯಾರು ಮತ್ತೆ?" ಎಂದು ಎದ್ದೇಬಿಟ್ಟರು. ತಲೆ ದಿಂಬಿನಿಂದ ನಾಲ್ಕು ಬೆರಳು ಮೇಲೆ ಬಂತು. ಸುಮಿತ್ರಾ ಸಿಸ್ಟರ್ ಓಡಿ ಬಂದು ಹಣೆ ಹಿಡಿದು ಮಲಗಿಸಿದರು.

ನಮ್ಮವರನ್ನು ಹೊರಗೆ ಕಳಿಸಿ ಅವರು ಬೈದದ್ದು ನನಗೆ. "ನೋಡಿ ಅಕ್ಕಾ, ಇವತ್ತು ದೇವರು ಕಾಪಾಡಿದ. ಇನ್ನೊಂದು ಸಲ ಹೀಗೆ ಎದ್ದರೆ ಕಣ್ಣು ಹೋಯ್ತು. ಆಮೇಲೆ ಡಾಕ್ಟರೂ ಎಂತ ಮಾಡುವ ಹಾಗಿಲ್ಲ. ನಿಮ್ಮ ಗಂಡಸರಿಗೆ ಸ್ವಲ್ಪ ಬುದ್ಧಿ ಹೇಳಿ, ಅಲ್ವಾ?"

ಆ ರಾತ್ರಿ ನನಗೆ ಸಿಟ್ಟಿನಲ್ಲಿ ನಿದ್ದೆ ಬರಲಿಲ್ಲ. ಪುಸ್ತಕದ ಅಣ್ಣತಮ್ಮಂದಿರಿಗೆ ಹದಿನೈದು, ಹದಿಮೂರು ವರ್ಷ. ಪುಟಕ್ಕೊಂದು ಸಲ ಕಚ್ಚಾಡುತ್ತಾರೆ, ಮಾತು ಮಾತ್ರ ಬಿಡುವುದಿಲ್ಲ. ಇಲ್ಲಿ ನಲವತ್ತು ದಾಟಿದ ಇಬ್ಬರು, ಹೆತ್ತ ತಾಯಿಯ ಕಣ್ಣಿನ ಮೇಲೆ ಕುಳಿತು ಹಟ ಸಾಧಿಸುತ್ತಾರೆ.

ಭಾನುವಾರ ಭಾವ ಐದಕ್ಕೆ ಐದು ನಿಮಿಷ ಇರುವಾಗ ಎದ್ದು ಕೊಡೆ ಹುಡುಕಿದರು. ಕೊಡೆ ನನ್ನ ಕೈಯಲ್ಲಿತ್ತು.

"ಕೂತುಕೊಳ್ಳಿ ಭಾವ."

"ಅವ ಬರ್ತಾನೆ."

"ಬರಲಿ ಅಂತಲೇ ಹೇಳಿದ್ದು."

ನಮ್ಮವರು ಬಂದವರು ಬಾಗಿಲಲ್ಲಿಯೇ ನಿಂತರು. ನಾನು ಇನ್ನೊಂದು ಸ್ಟೂಲನ್ನು ಮಂಚದ ಆಚೆ ಬದಿಗೆ ಎಳೆದೆ. ಮದುವೆಯಾದ ಮೇಲೆ ಆ ಇಬ್ಬರ ಎದುರು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. "ಜಪಸರಕ್ಕೆ ಅರ್ಧ ನೀವು ಹೇಳ್ತೀರಿ, ಅರ್ಧ ಇವರು ಹೇಳ್ತಾರೆ. ಇದನ್ನೂ ಹಾಗೆಯೇ ಹೇಳಿ. ನೀವು ಒಬ್ಬರ ಹತ್ತಿರ ಒಬ್ಬರು ಮಾತಾಡುವುದು ಬೇಡ, ಮಾಂಯ್ ಹತ್ತಿರ ಮಾತಾಡಿ. ಆಗದಿದ್ದರೆ ಇಬ್ಬರೂ ಹೊರಗೆ. ಇನ್ನು ಮೇಲೆ ನಿಮ್ಮ ಒಂದು ಮಾತನ್ನೂ ನಾನು ಆಚೆ ಈಚೆ ಹೊರುವುದಿಲ್ಲ."

ಇಬ್ಬರೂ ಗೋಡೆ ನೋಡಿದರು. ಬ್ಯಾಂಡೇಜಿನ ಅಡಿಯಿಂದ ಮಾಂಯ್, "ಓದು ಮಾರ್ಸೆಲ್" ಎಂದರು.

ಭಾವ ಓದಿದರು. ಆರನೇ ಒಗಟಿನ ಚೀಟಿ ಸಿಕ್ಕುವ ಜಾಗ. ಅಜ್ಜ ಅದರಲ್ಲಿ ಬರೆದಿದ್ದ: ಮನೆಯವರೆಲ್ಲ ದಿನಾ ಮುಟ್ಟುತ್ತಾರೆ, ಯಾರೂ ಎತ್ತುವುದಿಲ್ಲ, ಅದರ ಅಡಿಯಲ್ಲಿ ನೋಡಿ. ತಮ್ಮ ಚೀಟಿ ಕಿತ್ತುಕೊಂಡು ನಕ್ಕ, ಅಣ್ಣ ಅವನ ಕೈ ಹಿಡಿದು ಎಳೆಯುತ್ತಾ... ತೊಂಬತ್ತಾರನೇ ಪುಟ ಅಲ್ಲಿಗೆ ಮುಗಿಯಿತು. ಭಾವ ಹಾಳೆ ಮಗುಚಿದರು. ಮುಂದೆ ಹಾಳೆ ಇಲ್ಲ.

ತೊಡೆಯ ಮೇಲೆ ನೋಡಿದರು, ಮಂಚದ ಅಡಿ ನೋಡಿದರು. ಆಮೇಲೆ ತಲೆ ಎತ್ತಿ, ಮೂರು ವರ್ಷದಲ್ಲಿ ಮೊದಲನೇ ಸಲ, ನೇರವಾಗಿ ತಮ್ಮನನ್ನು ಕೇಳಿದರು:

"ತೊಂಬತ್ತೇಳು ನಿನ್ನಲ್ಲಿ ಉಂಟಾ?"

ನಮ್ಮವರು ನನ್ನ ಕಡೆ ತಿರುಗಿದರು. ನಾನು ಕಿಟಕಿಯ ಕಡೆ ತಿರುಗಿದೆ.

"ನನ್ನದು ತೊಂಬತ್ತೊಂಬತ್ತರಿಂದ" ಎಂದರು ಕೊನೆಗೆ.

"ಸರಿಯಾಗಿ ನೋಡು."

"ಕಣ್ಣು ಹೋದದ್ದು ಮಾಂಯ್‌ಗೆ, ನನಗಲ್ಲ. ನಿನ್ನ ಹಾಳೆ ನೀನು ಇಟ್ಟುಕೊಳ್ಳಲಿಕ್ಕೆ ಆಗದೆ ನನ್ನ ಮೇಲೆ ಹಾಕಬೇಡ."

ಇಲ್ಲಿ ದನಿ ಏರಿದರೆ ಮಾಂಯ್ ಏಳುತ್ತಾರೆ. ಆದರೆ ಅವರು ಮಲಗಿದಲ್ಲಿಂದಲೇ, "ಹಾಳೆ ಸಾಯಲಿ. ಲಾಜರ್, ನಿನ್ನದರಲ್ಲಿ ಮೊದಲ ಸಾಲು ಎಂತ ಉಂಟು?" ಎಂದರು.

ನಮ್ಮವರು ಓದಿದರು. ಒದ್ದೆಯಾದ ಕೈಯನ್ನು ಅಂಗಿಗೆ ಒರೆಸಿಕೊಂಡು ತಮ್ಮ ಏಳನೇ ಒಗಟಿನ ಚೀಟಿಯನ್ನು ಬಿಡಿಸಿದ ಎಂದಿತ್ತು.

"ಹೊಸಿಲು" ಎಂದರು ಭಾವ. "ಎಲ್ಲರೂ ಮುಟ್ಟಿ ದಾಟುವುದು ಅದನ್ನೇ."

"ಹೊಸಿಲಿನ ಅಡಿಯಲ್ಲಿ ಕೈ ಹಾಕಿದರೆ ಕೈ ಒದ್ದೆ ಆಗುವುದು ಹೇಗೆ? ಮಸಾಲೆ ಕಡೆಯುವ ಕಲ್ಲು."

"ಕಡೆಯುವ ಕಲ್ಲನ್ನು ಗಂಡಸರು ದಿನಾ ಮುಟ್ಟುತ್ತಾರಾ? ನೀನು ಮುಟ್ಟಿದ್ದೀಯಾ ಹುಟ್ಟಿದ ಮೇಲೆ?"

"ನೀನು ಭಾರೀ ಮುಟ್ಟಿದವ."

ಪಕ್ಕದ ಮಂಚದ ರೋಗಿ ನಕ್ಕರು. ದನಿ ಏರಲಿಲ್ಲ, ವಾದ ಏರಿತು. ಅದೇ ಹೊತ್ತಿಗೆ ಮಾಂಯ್‌ಯ ಬಲಗೈ ಮೆಲ್ಲಗೆ ದಿಂಬಿನ ಅಡಿಗೆ ಸರಿಯುವುದು ಕಂಡಿತು. ಜಪಸರಕ್ಕೆ ಎಂದುಕೊಂಡೆ. ಆದರೆ ಹೊರಗೆ ಬಂದ ಹೆಬ್ಬೆರಳು ತೋರುಬೆರಳುಗಳ ನಡುವೆ ಮಣಿ ಇರಲಿಲ್ಲ. ಕೈ ಮೂಗಿನ ಹತ್ತಿರ ಮುಟ್ಟುವಷ್ಟರಲ್ಲಿ ನಾನು ಹಾರಿ ಹಿಡಿದೆ.

"ಒಂದು ಚಿಟಿಕೆ ಮಗಾ" ಎಂದರು, ನನಗೆ ಮಾತ್ರ ಕೇಳುವ ಹಾಗೆ. "ಕಥೆ ಇಂಥ ಕಡೆ ಬಂದಾಗ ಆಗುವುದಿಲ್ಲ."

ನಾನು ಅವರ ಬೆರಳುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಚೀಲವನ್ನು ಎತ್ತಿಕೊಂಡು ವರಾಂಡಕ್ಕೆ ಬಂದೆ. ಒಂದು ಸೀನಿನಷ್ಟೇ ಅಂತರ ಇದ್ದದ್ದು. ಒಳಗೆ ಜಪಸರದ ಜೊತೆಗೆ ಒಂದು ಕಾಗದದ ಪೊಟ್ಟಣ. ನಶ್ಯವನ್ನು ತೊಟ್ಟಿಗೆ ಸುರಿದು ನಲ್ಲಿ ಬಿಟ್ಟೆ. ಪೊಟ್ಟಣ ಬಿಡಿಸಿದರೆ ಮುದ್ರಿತ ಅಕ್ಷರ, ಮೇಲೆ ಮೂಲೆಯಲ್ಲಿ 97.

ಡಬ್ಬಿ ಒಪ್ಪಿಸುವ ಮೊದಲು ಆ ಒಂದು ಪ್ರಾರ್ಥನೆಯ ಹೊತ್ತಿನಲ್ಲಿ, ನನ್ನ ಚೀಲದಲ್ಲಿ ಕೈಗೆ ಸಿಕ್ಕ ಸಡಿಲ ಕಾಗದಕ್ಕೆ ನಶ್ಯ ಸುರಿದುಕೊಂಡಿದ್ದಾರೆ. ಕಣ್ಣು ಕಾಣದ ಮುದುಕಿಗೆ ಅದು ಯಾವ ಕಾಗದವೆಂದು ಗೊತ್ತಾಗುವುದು ಹೇಗೆ. ಕಳ್ಳ ಸಿಕ್ಕಿದ, ಕದ್ದ ಮಾಲೂ ಸಿಕ್ಕಿತು. ಹಾಳೆಯನ್ನು ಒಳಗೆ ಒಯ್ದು ಕೊಡಬೇಕೆಂದು ಬಾಗಿಲವರೆಗೆ ಬಂದೆ.

ಒಳಗೆ ಭಾವನ ಸ್ಟೂಲು ಮಂಚ ಸುತ್ತಿ ನಮ್ಮವರ ಬದಿಗೆ ಬಂದಿತ್ತು. ಎರಡು ತುಂಡನ್ನು ಹಾಸಿಗೆಯ ಅಂಚಿನಲ್ಲಿ ಒಂದಕ್ಕೊಂದು ತಾಗಿಸಿ ಇಟ್ಟು, ಇಬ್ಬರೂ ಬಗ್ಗಿ ನೋಡುತ್ತಿದ್ದರು.

"ಬಟ್ಟೆ ಒಗೆಯುವ ಕಲ್ಲು ಇರಬಹುದು" ಎಂದರು ನಮ್ಮವರು. "ಬಾವಿಯ ಹತ್ತಿರ ಇರುತ್ತದೆ, ಅಡಿಯಲ್ಲಿ ತೇವ ಇರುತ್ತದೆ."

"ಅದು ಹೌದು ಅನ್ನಬಹುದು" ಎಂದರು ಭಾವ.

"ಅಂಥ ಒಂದು ಕಲ್ಲು ನಮ್ಮಲ್ಲಿಯೂ ಉಂಟು ಬಾವಿಯ ಹತ್ತಿರ" ಎಂದರು ಮಾಂಯ್. "ಮೂರು ವರ್ಷದಿಂದ ಯಾರೂ ಎತ್ತಲಿಲ್ಲ. ನಿಮ್ಮ ಅಪ್ಪನ ಹೆಸರು ಮಣ್ಣಿಗೆ ಮುಖ ಮಾಡಿ ಬಿದ್ದಿದೆ."

ಭಾವ ಹಿಂದಿನ ತುಂಡನ್ನು ತಮ್ಮನ ಕಡೆ ಸರಿಸಿ, "ಮುಂದೆ ಓದು" ಎಂದರು. ಅದು ನನಗೆ ಹೇಳಿದ್ದಲ್ಲ. ನಮ್ಮವರು ಓದಿದರು.

ನಾನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಪ್ರಾರ್ಥನೆ ಪುಸ್ತಕದೊಳಗೆ ಇಟ್ಟೆ.

ಬುಧವಾರ ಪುಸ್ತಕ ಮುಗಿಯಿತು. ಕಳ್ಳನ ಬಗ್ಗೆ ಮಾಂಯ್ ಹೇಳಿದ್ದು ಈ ಸಲ ಸರಿಯಾಗಿತ್ತು, ಅದಕ್ಕೆ ಮೊದಲೇ ಕೇಳಿದ್ದೇ ಕಾರಣ ಎಂದರೆ ಒಪ್ಪಲಿಲ್ಲ. ಕಣ್ಣು ಉಳಿಯಿತು. ಒಂದೂವರೆ ತಿಂಗಳ ಮೇಲೆ ದಪ್ಪ ಗಾಜಿನ ಕನ್ನಡಕ ಬಂತು. ಕನ್ನಡಕ ಹಾಕಿಕೊಂಡು ಅವರು ಮೊದಲು ಹೋದದ್ದು ಬಾವಿಕಟ್ಟೆಗೆ. ಮಕ್ಕಳಿಬ್ಬರನ್ನೂ ಕರೆದರು, ಹೆಸರು ಹಿಡಿದು, ಅವರೇ. ಹಾರೆ ಕೊಟ್ಟು ಕಲ್ಲು ಎತ್ತಿಸಿದರು. ಮಣ್ಣು ತೊಳೆದು ಅಕ್ಷರಗಳನ್ನು ಒಂದೊಂದಾಗಿ ಓದಿದರು. "ಲಾಯ್ಕುಂಟು" ಎಂದರು. ಆಮೇಲೆ ಅದರ ಬೋಳು ಬೆನ್ನನ್ನು ತಟ್ಟಿ, "ಈ ಬದಿ ನನಗಿರಲಿ. ಆಗ ಮತ್ತೆ ಬೇರೆ ಬೇರೆ ಹೋಗಿ ಎರಡು ಮಾಡಿಸಬೇಡಿ" ಎಂದರು.

ಅದಾಗಿ ಒಂಬತ್ತು ವರ್ಷದ ಮೇಲೆ ಮಾಂಯ್ ತೀರಿಕೊಂಡಾಗ ಇಬ್ಬರೂ ಒಂದೇ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ ಕಲ್ಲು ಕೆತ್ತುವವರನ್ನು ಕರೆತಂದರು. ಅಡುಗೆಕೋಣೆ ಮಾತ್ರ ಎರಡೇ ಉಳಿದವು. ಎಲ್ಲವನ್ನೂ ಒಂದೇ ಸಲ ದೇವರಲ್ಲಿ ಕೇಳಬಾರದು.

ಪುಸ್ತಕದ ಎರಡು ತುಂಡನ್ನು ನಾನೇ ಬಾಳೆನಾರಿನಲ್ಲಿ ಹೊಲಿದೆ, ಮಲ್ಲಿಗೆಗೆ ಹಾಕುವ ಗಂಟನ್ನೇ ಹಾಕಿ. ಅಂಗಡಿಯವರು ಹೊಲಿಗೆ ನೋಡಿ ನಕ್ಕರಂತೆ, ಹಾಳೆ ಎಣಿಸಲಿಲ್ಲ. ಅದು ನನ್ನ ಮನಸ್ಸಿಗೆ ಚುಚ್ಚಿತು. ಮುಂದೆ ಓದುವವರಿಗೆ ಮೋಸ ಮಾಡಿದ ಹಾಗಾಯಿತಲ್ಲ. ಪಾಪನಿವೇದನೆಯಲ್ಲಿ ಪಾದ್ರಿಗಳಿಗೆ ಹೇಳಿದೆ. ಅವರು ಜಾಲರಿಯ ಆಚೆಯಿಂದ ಪ್ರಾಯಶ್ಚಿತ್ತ ಕೊಟ್ಟ ಮೇಲೆ, "ಅದರಲ್ಲಿ ಉತ್ತರ ಎಂತ ಇತ್ತು?" ಎಂದು ಕೇಳಿದರು.

ಉತ್ತರ, ಕಾಲು ತೊಳೆಯುವ ನೀರು ತುಂಬಿಡುವ ಕಲ್ಲಿನ ತೊಟ್ಟಿ. ಹೊಸಿಲೂ ಅಲ್ಲ, ಕಡೆಯುವ ಕಲ್ಲೂ ಅಲ್ಲ, ಬಟ್ಟೆ ಒಗೆಯುವ ಕಲ್ಲೂ ಅಲ್ಲ.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಮೂರು ವರ್ಷ ಆ ಇಬ್ಬರ ಮಾತನ್ನು ಹೊತ್ತು ನಾನು ಮನೆ ಉಳಿಸುತ್ತಿದ್ದೇನೆ ಎಂದುಕೊಂಡಿದ್ದೆ. ಹೊರುವವಳು ಇದ್ದದ್ದರಿಂದಲೇ ಅವರಿಗೆ ಬಾಯಿ ತೆರೆಯುವ ಅಗತ್ಯ ಬೀಳಲಿಲ್ಲ. ಮನೆ ನಡೆಸುವವಳಿಗೆ ಯಾವುದನ್ನು ಮುಟ್ಟಿಸಬೇಕು ಎಂದು ಗೊತ್ತಿದ್ದರೆ ಸಾಲದು, ಯಾವುದನ್ನು ಮಡಚಿ ಒಳಗಿಡಬೇಕು ಎಂದೂ ಗೊತ್ತಿರಬೇಕು.

ಪ್ರತಿವರ್ಷ ಹೊಸ ಅಕ್ಕಿಯ ಹಬ್ಬಕ್ಕೆ ಎಲ್ಲರೂ ಒಟ್ಟಿಗೆ ಕುಳಿತಾಗ ಆ ಮಾತು ಬರುತ್ತಿತ್ತು. ಭಾವ ಮತ್ತೆ ಹೊಸಿಲು ಎನ್ನುತ್ತಿದ್ದರು, ನಮ್ಮವರು ಒಗೆಯುವ ಕಲ್ಲು ಎನ್ನುತ್ತಿದ್ದರು, ಸಾರು ಆರಿಹೋಗುವವರೆಗೆ ಬಿಡುತ್ತಿರಲಿಲ್ಲ. ಒಂದು ವರ್ಷ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, "ಪುಸ್ತಕ ಹೊಲಿದವಳು ನೀನು, ನೀನೇ ಹೇಳು, ಎಂತ ಇದ್ದಿರಬಹುದು ಆ ಹಾಳೆಯಲ್ಲಿ?" ಎಂದರು.

ಸುಳ್ಳು ಹೇಳುವ ಹಾಗಿರಲಿಲ್ಲ, ಹಬ್ಬದ ದಿನ. "ಇನ್ನು ಸ್ವಲ್ಪ ಅನ್ನ ಹಾಕಲಾ?" ಎಂದು ಕೇಳಿದೆ.